ಮಂಗಳವಾರ ಬರ್ರಿ ಅಂದ್ರು

ಹೋದ ವರ್ಷ ದೀಪಾವಳಿ ಮುಗಿದು ಎರಡು ವಾರ ಆಗಿತ್ತು. ಮೀಟಿಂಗ್ ಮುಗಿಸಿ ಹೊರಗೆ ಬಂದು ಫೋನ್ ನೋಡಿದರೆ ಅಕ್ಕನ 11 ಮಿಸ್ಡ್ ಕಾಲ್. ಎದೆ ಧಸಕ್ ಅಂತು. ವಾಪಸ್ ಮಾಡಿದೆ.

"ಹುಡುಗಿಗಿ ಗಾಳಿ ಸೋಕ್ಯಾದ. ನೀ ಬಾ" ಅಂದಳು.

ನನ್ನದು ಆಳಂದ ತಾಲೂಕಿನ ಹಳ್ಳಿ. ಅಕ್ಕನನ್ನು ಕೊಟ್ಟಿದ್ದು ಅಫಜಲಪುರ ತಾಲೂಕಿಗೆ, ಭೀಮಾ ನದಿಯ ದಂಡೆಯ ಊರಿಗೆ. ಅವ್ವನ ತವರು ಜೇವರ್ಗಿ ಕಡೆ. ಹಬ್ಬ, ಜಾತ್ರೆ, ಮದುವೆ, ಸಾವು ಅಂತ ನಮ್ಮ ಬಳಗದವರೆಲ್ಲ ಈ ಮೂರು ತಾಲೂಕಿನೊಳಗೇ ಓಡಾಡಿಕೊಂಡಿರುತ್ತಾರೆ. ಬೆಂಗಳೂರಿಗೆ ಬಂದವಳು ನಾನೊಬ್ಬಳೇ. ಹಂಗಾಗಿ ಆಸ್ಪತ್ರೆ, ಬ್ಯಾಂಕು, ಆನ್‌ಲೈನ್ ಅರ್ಜಿ, ಯಾವುದಿದ್ದರೂ ಫೋನ್ ನನಗೇ ಬರುತ್ತದೆ. ಊರು ಬಿಟ್ಟು ಬಂದಿರೋ ನಿಮಗೂ ಇದು ಗೊತ್ತಿರುತ್ತದೆ ಅಂದುಕೊಳ್ಳುತ್ತೇನೆ.

ಅಕ್ಕನ ಮಗಳಿಗೆ ಆಗ 14 ವರ್ಷ. ಒಂಬತ್ತನೇ ಕ್ಲಾಸು. ನನ್ನನ್ನು "ಸಣ್ಣವ್ವ" ಅನ್ನುತ್ತಾಳೆ. ವಾಟ್ಸಾಪ್‌ನಲ್ಲಿ ದಿನಕ್ಕೆ ಹತ್ತು ಸ್ಟಿಕ್ಕರ್ ಕಳಿಸೋ ಹುಡುಗಿ ದಸರಾ ರಜೆ ಆದ ಮೇಲೆ ಒಂದೂ ಕಳಿಸಿರಲಿಲ್ಲ. ನಾನು ಗಮನಿಸಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಕಲಬುರಗಿ ಸ್ಟೇಷನ್ನಿನಲ್ಲಿ ಇಳಿದು ಬಸ್ ಹಿಡಿದು ಹೋದೆ. ಹುಡುಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ರಾತ್ರಿ ನಿದ್ದೆ ಇಲ್ಲ, ಊಟ ಇಲ್ಲ, ಮಾತು ಮೊದಲೇ ಇಲ್ಲ. ಎರಡು-ಮೂರು ದಿನಕ್ಕೊಮ್ಮೆ ಮೈ ಬಿಗಿ ಹಿಡಿದು ಬೀಳುತ್ತಾಳೆ, ಕಣ್ಣು ಮೇಲೆ ಹೋಗುತ್ತದೆ, ಆಮೇಲೆ ಗಂಡು ದನಿಯಲ್ಲಿ ಒದರಲು ಶುರು ಮಾಡುತ್ತಾಳೆ. ಶಾಲೆಯಲ್ಲಿ ಒಮ್ಮೆ ಹೀಗಾದಾಗ ಉಳಿದ ಹುಡುಗಿಯರೂ ಹೆದರಿ ಅತ್ತಿದ್ದಾರೆ. "ಪೂರಾ ಆರಾಮ ಆದ ಮ್ಯಾಲ ಕಳಸ್ರಿ" ಅಂತ ಶಾಲೆಯವರು ಮನೆಗೆ ಕಳಿಸಿದ್ದರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಇಂಥದ್ದು ಆದರೆ ಯಾರಿಗೆ ಫೋನ್ ಮಾಡಬೇಕು ಅಂತ ಅವರಿಗೆ ಯಾರು ಹೇಳಿಕೊಟ್ಟಿದ್ದಾರೆ?

ನಾನು ಬರೋ ಹೊತ್ತಿಗೆ ಅಕ್ಕ ಸುಮ್ಮನೆ ಕೂತಿರಲಿಲ್ಲ. ಅಮಾವಾಸ್ಯೆಗೆ ಘತ್ತರಗಿ ಭಾಗ್ಯವಂತಿ ದೇವಿ ದರ್ಶನ ಆಗಿತ್ತು. ಆಳಂದದ ಲಾಡ್ಲೆ ಮಶಾಕ್ ದರ್ಗಾದ ತಾಯಿತ ಕೊರಳಲ್ಲಿತ್ತು. ಗಾಣಗಾಪುರಕ್ಕೆ ಎರಡು ಸಲ ಹೋಗಿ ಬಂದಿದ್ದರು.

ಗಾಣಗಾಪುರ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಅಫಜಲಪುರ ತಾಲೂಕಿನ ಈ ದತ್ತಾತ್ರೇಯ ಕ್ಷೇತ್ರಕ್ಕೆ ಕರ್ನಾಟಕಕ್ಕಿಂತ ಹೆಚ್ಚು ಮಹಾರಾಷ್ಟ್ರದ ಜನ ಬರುತ್ತಾರೆ ಅನಿಸುವಷ್ಟು ಮರಾಠಿ ಅಲ್ಲಿ ಕೇಳುತ್ತದೆ. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದಲ್ಲಿ ಸ್ನಾನ, ಗುಡಿಯಲ್ಲಿ ಪಾದುಕೆಗಳ ದರ್ಶನ. ಮಧ್ಯಾಹ್ನದ ಮಂಗಳಾರತಿ ಹೊತ್ತಿಗೆ ಗಾಳಿ ಹಿಡಿದವರು ಅನ್ನಿಸಿಕೊಂಡವರು ಕಂಬ ಹಿಡಿದು ಕೂಗುತ್ತಾರೆ, ಉರುಳುತ್ತಾರೆ, ಅಳುತ್ತಾರೆ. ಸಣ್ಣವಳಿದ್ದಾಗ ನಾನು ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಂಡು ಅದನ್ನು ನೋಡಿದ್ದೆ. ಹೆದರಿಕೆ ಆಗಿತ್ತು. ಆದರೆ ಅಲ್ಲಿ ಯಾರೂ ಅವರನ್ನು ನೋಡಿ ನಗುತ್ತಿರಲಿಲ್ಲ ಅನ್ನೋದೂ ನೆನಪಿದೆ.

ನಾನು ಸಿಟ್ಟಿನಲ್ಲಿ, "ಮೊದಲೇ ದವಾಖಾನಿಗಿ ಯಾಕ ಒಯ್ಲಿಲ್ಲ?" ಅಂದೆ.

ಅಕ್ಕ ತಣ್ಣಗೆ ಉತ್ತರ ಕೊಟ್ಟಳು. "ಯಾವ ದವಾಖಾನಿಗಿ ಒಯ್ಬೇಕಿತ್ತು ಹೇಳು. ಗುಡಿ ದಿನಾ ತೆರದಿರ್ತದ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್ ಅನ್ನುತ್ತಿದ್ದೆ. ಅಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗಂತಲೇ ಬೇರೆ ಮನೋವೈದ್ಯ ವಿಭಾಗ ಇದೆ. ಈ ಕಡೆಯವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಭೀಮಾ ದಂಡೆಯಲ್ಲಿ ಕೂತ ಅಕ್ಕನಿಗೆ ಎರಡೂ ದೂರವೇ.

ಆ ರಾತ್ರಿ ಅಂಗಳಕ್ಕೆ ಬಂದು 14416ಕ್ಕೆ ಫೋನ್ ಮಾಡಿದೆ. ಇದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ. ದಿನದ 24 ತಾಸೂ ಇರುತ್ತದೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಆ ಕಡೆ ಇದ್ದ ಹೆಣ್ಣುಮಗಳು ಅವಸರ ಮಾಡಲಿಲ್ಲ. ಬಿದ್ದಾಗ ನಾಲಿಗೆ ಕಚ್ಚಿಕೊಳ್ಳುತ್ತಾಳಾ, ಬಟ್ಟೆಯಲ್ಲೇ ಮೂತ್ರ ಆಗುತ್ತದಾ, ಸಾಯುವ ಮಾತು ಆಡಿದ್ದಾಳಾ ಅಂತ ಒಂದೊಂದೇ ಕೇಳಿದರು. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಕೇಳಿಕೊಂಡು ಕರೆದುಕೊಂಡು ಹೋಗಿ ಅಂದರು. ಮುಂದಿನ ಸಲ ಬಿದ್ದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಡಾಕ್ಟರಿಗೆ ಅದರಿಂದ ಭಾಳ ಉಪಯೋಗ ಅಂತಲೂ ಹೇಳಿದರು.

"ದಿನ ಕೇಳಿಕೊಂಡು" ಅನ್ನೋ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನವೇ ಹೊರಡಿಸಿದೆ. ಅವತ್ತು ಬುಧವಾರ.

ಯಾವ ತಾಲೂಕಿನ ಆಸ್ಪತ್ರೆ ಅಂತ ಹೇಳುವುದಿಲ್ಲ, ಅದರಿಂದ ಏನೂ ಆಗಬೇಕಾಗಿಲ್ಲ. ಚೀಟಿ ಮಾಡಿಸಿ, ಒಂದೂವರೆ ತಾಸು ನಿಂತು, ಕಿಟಕಿ ಹತ್ತಿರ ಹೋದರೆ ಒಳಗಿದ್ದವರು ತಲೆ ಎತ್ತದೆ, "ತಲಿ ಡಾಕ್ಟರ್ ಇವತ್ತ ಬರಲ್ಲ. ಮಂಗಳವಾರ ಬರ್ರಿ" ಅಂದರು. ಹಿಂದೆ ನಿಂತಿದ್ದವರು ಒಮ್ಮೆಲೇ ಹುಡುಗಿ ಕಡೆ ನೋಡಿದರು. ತಲಿ ಡಾಕ್ಟರ್! ಅಕ್ಕ ಮಗಳ ತಲೆ ಮೇಲೆ ಸೆರಗು ಹಾಕಿ ಹೊರಗೆ ಎಳೆದುಕೊಂಡು ಬಂದಳು. ಬಸ್ಸಿನಲ್ಲಿ ನನ್ನ ಜೊತೆ ಮಾತಾಡಲಿಲ್ಲ.

ಒಂದು ಸಣ್ಣ ಬೋರ್ಡು, "ಮನೋವೈದ್ಯರು ಮಂಗಳವಾರ" ಅಂತ ಊರಿನ ಪಂಚಾಯ್ತಿ ಗೋಡೆ ಮೇಲೋ ಶಾಲೆಯಲ್ಲೋ ಇದ್ದಿದ್ದರೆ ಸಾಕಿತ್ತು.

ಆಮೇಲೆ ನಾನು ಓದಿ, ಕೇಳಿ ತಿಳಿದುಕೊಂಡದ್ದು ಇಷ್ಟು. ಹಳ್ಳಿಯವರಿಗೆ ಮಾನಸಿಕ ಚಿಕಿತ್ಸೆ ಹತ್ತಿರದಲ್ಲೇ ಸಿಗಬೇಕು ಅನ್ನೋ ವಿಚಾರಕ್ಕೆ ದಾರಿ ತೋರಿಸಿದ್ದೇ ನಮ್ಮ ಕಡೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದು 1982ರಲ್ಲಿ. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ನೋಡಲು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಆರಿಸಿಕೊಂಡದ್ದು ಬಳ್ಳಾರಿಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು, ಗುಳಿಗೆ ಅಲ್ಲೇ ಸಿಗುವಂತೆ ಮಾಡಿದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಇಡೀ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯಿತು. ಕರ್ನಾಟಕದಲ್ಲಿ ಅದರ ಮೇಲೆ "ಮನೋಚೈತನ್ಯ" ಅಂತ ಸೇರಿತು. ಪ್ರತಿ ತಾಲೂಕಿಗೆ ಒಬ್ಬ ಮನೋವೈದ್ಯರನ್ನು ಕೊಡುವಷ್ಟು ಜನ ಇಲ್ಲ, ಅದಕ್ಕೆ ಇರುವವರೇ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಹೋಗಿ ನೋಡುವ ಏರ್ಪಾಟು. ಜಿಲ್ಲೆಯ ತಂಡದಲ್ಲಿ ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್ ಇರಬೇಕು ಅಂತಿದೆ.

ಅಂದರೆ ವ್ಯವಸ್ಥೆ ಇಲ್ಲ ಅನ್ನೋದು ಸುಳ್ಳು. ಇದೆ. ವಾರಕ್ಕೆ ಒಂದು ದಿನ ಇದೆ, ಗೊತ್ತಿದ್ದವರಿಗೆ ಇದೆ.

ಮಕ್ಕಳ ವಿಷಯದಲ್ಲಿ ಅದು ಇನ್ನೂ ತೆಳುವಾಗುತ್ತದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಹೆಚ್ಚು ಕಡಿಮೆ 14 ಮಕ್ಕಳಿಗೆ ಒಬ್ಬರು, ಒಂದು ಕ್ಲಾಸಿಗೆ ಎರಡೋ ಮೂರೋ ಮಕ್ಕಳು. ಸಮೀಕ್ಷೆ ನಡೆಸಿದ್ದು ನಮ್ಮ ನಿಮ್ಹಾನ್ಸ್, ಆದರೆ ಅದು ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ, ಹಲ್ಲು, ಕಣ್ಣು, ಕಿವಿ, ರಕ್ತಹೀನತೆ, ಕಲಿಕೆಯ ತೊಂದರೆ ನೋಡುತ್ತದೆ. ಒಳ್ಳೆಯ ಕೆಲಸವೇ. ಆದರೆ ಶಾಲೆಗೆ ಅವರು ಬರೋದು ವರ್ಷಕ್ಕೊಮ್ಮೆ. ನಮ್ಮ ಹುಡುಗಿ ಮಾತು ಬಿಟ್ಟದ್ದು ದಸರಾಕ್ಕೂ ದೀಪಾವಳಿಗೂ ನಡುವೆ.

ಮುಂದಿನ ಮಂಗಳವಾರ ಮತ್ತೆ ಹೋದೆವು. ಅಕ್ಕನನ್ನು ಒಪ್ಪಿಸಲು ಎರಡು ದಿನ ಹಿಡಿಯಿತು. ಕೊನೆಗೆ, "ಬಸ್ಸಿಗಿ ರೊಕ್ಕ ಇಲ್ಲಲ್ಲ, ಆಧಾರ್ ಕಾರ್ಡ್ ತಗೊ, ಹೋಗಿ ಬರಾಮು" ಅಂದೆ. ಶಕ್ತಿ ಯೋಜನೆಯ ಬಗ್ಗೆ ಬೆಂಗಳೂರಿನ ನನ್ನ ಸಹೋದ್ಯೋಗಿಗಳು ಏನೇ ಜೋಕ್ ಮಾಡಲಿ, ಆಮೇಲಿನ ಐದಾರು ತಿಂಗಳು ಈ ತಾಯಿ ಮಗಳು ಚಿಕಿತ್ಸೆ ಬಿಡದೆ ಇದ್ದದ್ದರಲ್ಲಿ ಆ ಸೊನ್ನೆ ರೂಪಾಯಿ ಟಿಕೆಟ್‌ನ ಪಾಲು ದೊಡ್ಡದು.

ಸಾಲಿನಲ್ಲಿ ಎಲ್ಲರೂ ಇದ್ದರು. ಇಪ್ಪತ್ತು ವರ್ಷದಿಂದ ಗುಳಿಗೆ ನುಂಗುತ್ತಿರುವ ಮುದುಕ, ಕುಡಿತ ಬಿಡಿಸಲು ಅಣ್ಣ ಎಳೆದುಕೊಂಡು ಬಂದ ತಮ್ಮ, ಮೂರ್ಛೆ ರೋಗದವರು, ಬಾಣಂತಿ ಒಬ್ಬಳು. ಅವರ ನಡುವೆ ಶಾಲೆಯ ಯೂನಿಫಾರ್ಮ್ ಹಾಕಿಕೊಂಡು ನಮ್ಮ ಹುಡುಗಿ. ಯೂನಿಫಾರ್ಮ್ ಹಾಕಿಕೊಂಡು ಬರುತ್ತೇನೆ ಅಂದಿದ್ದು ಅವಳೇ, ನಾಲ್ಕು ವಾರದಲ್ಲಿ ಅವಳು ಬಾಯಿ ಬಿಟ್ಟು ಕೇಳಿದ ಮೊದಲ ವಿಷಯ ಅದು. ಮಕ್ಕಳಿಗೆ ಬೇರೆ ಕೋಣೆ ಇಲ್ಲ. ಡಾಕ್ಟರಿಗೆ ಒಬ್ಬೊಬ್ಬರಿಗೆ ಎಷ್ಟು ಹೊತ್ತು ಕೊಡಲು ಆಗುತ್ತದೆ ಅಂತ ಸಾಲು ನೋಡಿದರೇ ಗೊತ್ತಾಗುತ್ತಿತ್ತು.

ಆದರೂ ಅವರು ಕೇಳಿದ ಪ್ರಶ್ನೆಗಳು ನನಗೆ ಮರೆಯುವುದಿಲ್ಲ. ಮೊದಲು ನಾನು ಮಾಡಿದ್ದ ವಿಡಿಯೊ ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಮನ್ಯಾಗ ಎಣ್ಣಿ ಎಲ್ಲಿ ಇಡ್ತೀರಿ?" ಅಂದರು.

ಅಡುಗೆ ಎಣ್ಣೆ ಯಾಕೆ ಕೇಳುತ್ತಿದ್ದಾರೆ ಅಂತ ಒಂದು ಗಳಿಗೆ ನನಗೆ ತಿಳಿಯಲಿಲ್ಲ. ಬೆಂಗಳೂರಿಗೆ ಬಂದು ಅಷ್ಟು ಮರೆತಿದ್ದೇನೆ. ಅಕ್ಕನಿಗೆ ಕೂಡಲೇ ತಿಳಿಯಿತು. ತೊಗರಿಗೆ ಹೊಡೆಯೋ ಎಣ್ಣೆ, ಕೀಟನಾಶಕ. "ಬಚ್ಚಲದಾಗ, ಮಾಡದಾಗ ಇಟ್ಟೀವ್ರಿ" ಅಂದಳು, ದನಿ ನಡುಗಿತು. ಇವತ್ತೇ ಬೀಗದೊಳಗೆ ಇಡ್ರಿ, ಇಲ್ಲ ಹೊಲದ ಕಡೆ ಯಾರಿಗಾದರೂ ಕೊಡ್ರಿ ಅಂದರು. ಈ ಲೇಖನದಲ್ಲಿ ಬೇರೆ ಏನೂ ನೆನಪಿಟ್ಟುಕೊಳ್ಳದಿದ್ದರೂ ಇದನ್ನು ನೆನಪಿಟ್ಟುಕೊಂಡು ಇವತ್ತು ಊರಿಗೆ ಫೋನ್ ಮಾಡಿ.

ಎರಡನೇ ಪ್ರಶ್ನೆ: "ಮೊದಲನೇ ಸಲ ಯಾವತ್ತ ಬಿದ್ದಳು?"

"ದೀಪಾವಳಿ ಪಾಡ್ಯದ ಮರುದಿನರಿ."

"ಅವತ್ತ ಮನಿಗಿ ಯಾರರೆ ಬಂದಿದ್ರೇನು?"

ಅಕ್ಕ ನನ್ನ ಮುಖ ನೋಡಿದಳು. ಬಂದಿದ್ದರು. ಜೇವರ್ಗಿ ಕಡೆಯಿಂದ, ನಮ್ಮ ಅವ್ವನ ತವರಿನ ಬಳಗದವರು. ಹುಡುಗ ಪುಣೆಯಲ್ಲಿ ಕೆಲಸ ಮಾಡುತ್ತಾನೆ, ಎರಡೆಕರೆ ನೀರಾವರಿ ಇದೆ, ಈಗ ಮಾತು ಕೊಟ್ಟಿಟ್ಟರೆ ಮುಂದಿನ ವರ್ಷ ನೋಡೋಣ ಅಂತ. ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ದಸರಾ ರಜೆಯಲ್ಲಿ ಅವಳದೇ ಬೆಂಚಿನ ಗೆಳತಿಯ ಮದುವೆ ಸದ್ದಿಲ್ಲದೆ ಆಗಿತ್ತು. ರಜೆ ಮುಗಿದು ಶಾಲೆಗೆ ಹೋದರೆ ಪಕ್ಕದ ಜಾಗ ಖಾಲಿ. ಆವತ್ತಿನಿಂದ ಇವಳು ಸುಮ್ಮನಾಗಿದ್ದಾಳೆ.

ಡಾಕ್ಟರ್ ನಮ್ಮಿಬ್ಬರನ್ನೂ ಹೊರಗೆ ಕಳಿಸಿ, ನರ್ಸ್ ಒಬ್ಬರನ್ನು ಒಳಗೆ ಕೂರಿಸಿಕೊಂಡು, ಅವಳ ಜೊತೆ ಮಾತಾಡಿದರು. ಹತ್ತು ನಿಮಿಷವೂ ಇರಲಿಕ್ಕಿಲ್ಲ. ಹೊರಗೆ ಬಂದಾಗ ಹುಡುಗಿ ಅಳುತ್ತಿದ್ದಳು, ಬರೇ ಅಳು, ಗಂಡು ದನಿ ಇಲ್ಲ.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಇದು ನಾಟಕ ಅಲ್ಲ. ದೆವ್ವವೂ ಅಲ್ಲ. ಮೂರ್ಛೆ ರೋಗ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಇಇಜಿ ಒಂದು ಮಾಡಿಸಬೇಕು. ಬಾಯಿಂದ ಹೇಳಲು ಆಗದ ಸಂಕಟ ಮೈಯಿಂದ ಹೊರಗೆ ಬರುತ್ತದೆ, ಹುಡುಗಿಗೆ ಬೇಕಂತ ಮಾಡುತ್ತಿರೋದಲ್ಲ, ತಡೆಯಲು ಅವಳ ಕೈಯಲ್ಲಿಲ್ಲ. ಅದರ ಜೊತೆ ಖಿನ್ನತೆಯೂ ಇದೆ. ನಿದ್ದೆ, ಊಟ ಸರಿ ಹೋಗಲು ಒಂದು ಗುಳಿಗೆ ಕೊಡುತ್ತೇನೆ, ಆದರೆ ಗುಳಿಗೆಯಿಂದ ಮುಗಿಯೋದಲ್ಲ. ವಾರಕ್ಕೊಮ್ಮೆ ಕೂತು ಮಾತಾಡಬೇಕು. ಅದಕ್ಕೆ ಕಲಬುರಗಿಗೆ ಹೋಗಬೇಕು.

ಆ ರಾತ್ರಿ ಅಕ್ಕ ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು. "ಗಾಳಿ ಬಂದಾಗ ಆಕಿ ಏನ್ ಒದರ್ತಿದ್ಳು ಗೊತ್ತೇನು ನಿನಗ? 'ನಾ ಬರಲ್ಲ, ನಾ ಒಲ್ಲೆ' ಅಂತಿದ್ಳು. ನಾ ಅದು ದೆವ್ವ ಬಿಟ್ಟು ಹೋಗಲ್ಲ ಅನ್ಲತ್ತದ ಅಂತ ತಿಳದಿದ್ದೆ."

ನಮ್ಮ ಮನೆಗಳಲ್ಲಿ 14 ವರ್ಷದ ಹುಡುಗಿ ಅಪ್ಪನ ಎದುರು "ಒಲ್ಲೆ" ಅಂದರೆ ಹೊಡೆತ. ದೆವ್ವ "ಒಲ್ಲೆ" ಅಂದರೆ ಇಡೀ ಮನೆ ಕೈ ಮುಗಿದು ಏನು ಬೇಕು ಅಂತ ಕೇಳುತ್ತದೆ. ಗಾಣಗಾಪುರದ ಕಂಬ ಹಿಡಿದು ಕೂಗುವವರನ್ನು ನಾನು ಈಗ ಬೇರೆ ಥರ ನೆನೆಸಿಕೊಳ್ಳುತ್ತೇನೆ. ಗುಡಿಗೆ ಹೋಗಿದ್ದಕ್ಕೆ ಅಕ್ಕನ ಮೇಲೆ ಸಿಟ್ಟೂ ಈಗಿಲ್ಲ, ಆ ಡಾಕ್ಟರೂ ಗುಡಿಗೆ ಹೋಗಬೇಡಿ ಅನ್ನಲಿಲ್ಲ. "ಹೊಡಿಬ್ಯಾಡ್ರಿ, ಕಟ್ಟಬ್ಯಾಡ್ರಿ, ಗುಳಿಗಿ ಬಿಡಸಬ್ಯಾಡ್ರಿ, ದರ್ಶನ ಮಾಡ್ಸ್ರಿ" ಅಂದರು. ಗುಜರಾತಿನ ಉನಾವಾದಲ್ಲಿ ಮೀರಾ ದಾತಾರ್ ದರ್ಗಾ ಇದೆ, ಅಲ್ಲಿಗೂ ಹೀಗೇ ಜನ ಬರುತ್ತಾರೆ. ಅಲ್ಲಿ "ದವಾ-ದುವಾ" ಅಂತ ದರ್ಗಾದ ಹತ್ತಿರವೇ ಮನೋವೈದ್ಯರು ಕೂರುವ ಏರ್ಪಾಟು ಮಾಡಿದ್ದಾರೆ, ದುವಾ ಮಾಡುವವರೇ ದವಾ ತಗೊಳ್ಳಿ ಅಂತ ಕಳಿಸುತ್ತಾರೆ. ಗಾಣಗಾಪುರಕ್ಕೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತ ನನಗೆ ಆಗಾಗ ಅನಿಸುತ್ತದೆ. ಇದಕ್ಕೆ ವಿರುದ್ಧವಾದ ದಾರಿ ಎಲ್ಲಿಗೆ ಹೋಗುತ್ತದೆ ಅನ್ನೋದನ್ನು ತಮಿಳುನಾಡಿನ ಏರ್ವಾಡಿಯಲ್ಲಿ ದೇಶ ನೋಡಿದೆ. 2001ರ ಆಗಸ್ಟ್ 6ರಂದು ಅಲ್ಲಿನ ಒಂದು ಆಶ್ರಯ ಮನೆಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ 28 ಜನ ಸತ್ತರು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ. ಸರ್ಕಾರ ನಡೆಸುವ ಅಥವಾ ದುಡ್ಡು ಕೊಡುವ ಮಾನಸಿಕ ಚಿಕಿತ್ಸೆ ಪಡೆಯೋದು ಎಲ್ಲರ ಹಕ್ಕು ಅಂದಿದೆ. ಕೊಡಲೇಬೇಕಾದ ಸೇವೆಗಳ ಸಾಲಿನಲ್ಲಿ ಮಕ್ಕಳ ಮಾನಸಿಕ ಆರೋಗ್ಯ ಸೇವೆಯನ್ನು ಹೆಸರಿಟ್ಟು ಸೇರಿಸಿದೆ. 18ರ ಒಳಗಿನವರನ್ನು ದಾಖಲು ಮಾಡಿದರೆ ದೊಡ್ಡವರ ಜೊತೆ ಇಡಬಾರದು, ಮನೆಯವರು ಒಬ್ಬರು ಕೊನೆವರೆಗೆ ಜೊತೆಗಿರಬೇಕು ಅಂತಲೂ ಇದೆ. ಕಾಯ್ದೆ ಓದಿದಾಗ ನನಗೆ ಆ ಒಂದೇ ಸಾಲು, ಆ ಯೂನಿಫಾರ್ಮ್ ಕಣ್ಣ ಮುಂದೆ ಬಂತು.

ಅಮೆರಿಕದಲ್ಲಿ ಇಂಥ ಮಕ್ಕಳನ್ನು ಗುರುತಿಸಲು 1993ರಿಂದ ಒಂದು ಸರ್ಕಾರಿ ವ್ಯಾಖ್ಯೆ ಇದೆ, "ಗಂಭೀರ ಭಾವನಾತ್ಮಕ ತೊಂದರೆ" ಅಂತ ಕನ್ನಡದಲ್ಲಿ ಹೇಳಬಹುದು. ಅಲ್ಲಿ ಕಾಯಿಲೆಯ ಹೆಸರೊಂದೇ ಸಾಕಾಗುವುದಿಲ್ಲ, ಅದರಿಂದ ಮಗುವಿನ ಮನೆ, ಶಾಲೆ, ಊರಿನ ಬದುಕು ಎಷ್ಟು ಕೆಟ್ಟಿದೆ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳುತ್ತಾರೆ. ಆ ಲೆಕ್ಕ ನನಗೆ ಸರಿ ಅನಿಸುತ್ತದೆ. ನಮ್ಮ ಹುಡುಗಿಗೆ ಆಸ್ಪತ್ರೆ ಒಂದೇ ಸಾಕಾಗುತ್ತಿರಲಿಲ್ಲ. ಶಾಲೆ ವಾಪಸ್ ಕರೆಯಬೇಕಿತ್ತು. ಮದುವೆ ಮಾತು ನಿಲ್ಲಬೇಕಿತ್ತು. ಅದಕ್ಕೆ ಯಾವ ಇಲಾಖೆಯ ಯಾವ ಕಿಟಕಿಗೆ ಹೋಗಬೇಕು?

ಶಾಲೆಗೆ ನಾನೇ ಹೋದೆ. ಬಿದ್ದರೆ ಏನು ಮಾಡಬೇಕು ಅಂತ ಡಾಕ್ಟರ್ ಹೇಳಿದ್ದನ್ನು ಹೇಳಿದೆ. ಸುತ್ತ ಜನ ಸೇರಿಸಬೇಡಿ, ಈರುಳ್ಳಿ ಮೂಸಿಸಬೇಡಿ, ಕೈಗೆ ಕಬ್ಬಿಣ ಕೊಡಬೇಡಿ, ಮಗ್ಗುಲಿಗೆ ಮಲಗಿಸಿ ಒಬ್ಬ ಟೀಚರ್ ಮಾತ್ರ ಹತ್ತಿರ ಇರಿ. ಒಬ್ಬ ಟೀಚರ್ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. "ಇದು ನಮಗ ಮೊದಲೇ ಯಾರರೆ ಹೇಳಿದ್ರ ಭಾಳ ಛಲೋ ಇತ್ತು ನೋಡ್ರಿ. ಇನ್ನ ಇಬ್ಬರು ಹುಡುಗ್ಯಾರು ಹಿಂಗೇ ಬೀಳ್ತಾರ" ಅಂದರು.

ಮದುವೆ ವಿಷಯ ಕಷ್ಟದ್ದಾಯಿತು. "ಮದುವಿ ಮಾಡಿದ್ರ ಎಲ್ಲಾ ಸರಿ ಹೋಗ್ತದ" ಅನ್ನೋದು ನಮ್ಮ ಕಡೆ ಹುಡುಗಿಯರ ಎಲ್ಲ ಕಾಯಿಲೆಗೂ ಹೇಳುವ ಔಷಧ. ಭಾವ ಊರಲ್ಲಿರಲಿಲ್ಲ, ದುಡಿಯಲು ಹೋಗಿದ್ದರು. ಫೋನಿನಲ್ಲಿ ನಾನು ಕಾನೂನು ಹೇಳಿದೆ, 1098ಕ್ಕೆ ಯಾರಾದರೂ ಒಂದು ಫೋನ್ ಮಾಡಿದರೆ ಅಧಿಕಾರಿಗಳು ಬರುತ್ತಾರೆ ಅಂದೆ. "ಮಾಡವರು ಯಾರು, ನೀನೇನು?" ಅಂದರು. ಹೌದು ಅಂದೆ. ಎರಡು ತಿಂಗಳು ನಮ್ಮ ನಡುವೆ ಮಾತಿರಲಿಲ್ಲ. ಅವರ ಮನಸ್ಸು ಸ್ವಲ್ಪ ತಿರುಗಿದ್ದು ನನ್ನ ಕಾನೂನಿನಿಂದಲ್ಲ, ಕಲಬುರಗಿಯ ಸರ್ಕಾರಿ ಆಸ್ಪತ್ರೆಯ ಮನಶ್ಶಾಸ್ತ್ರಜ್ಞೆ ಅವರನ್ನು ಕರೆಸಿ ಮಗಳ ಎದುರು ಕೂರಿಸಿದ್ದರಿಂದ. ಒಳಗೆ ಏನು ಮಾತಾಯಿತು ಅಂತ ನಾನು ಕೇಳಿಲ್ಲ. ಹೊರಗೆ ಬಂದು ಭಾವ ಮಗಳಿಗೆ ಕಬ್ಬಿನ ಹಾಲು ಕುಡಿಸಿದರಂತೆ, ಅಕ್ಕ ಹೇಳಿದಳು.

ಇದೆಲ್ಲ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಡಿಸೆಂಬರ್‌ನಲ್ಲಿ ತೊಗರಿ ರಾಶಿ ಬಂತು, ನಾಲ್ಕು ವಾರ ಯಾರೂ ಕಲಬುರಗಿಗೆ ಹೋಗಲಿಲ್ಲ. ಜನವರಿಯಲ್ಲಿ ಮತ್ತೆ ಎರಡು ಸಲ ಬಿದ್ದಳು. ಒಂದು ಮಂಗಳವಾರ ತಾಲೂಕಿನಲ್ಲಿ ಗುಳಿಗೆ ಮುಗಿದಿತ್ತು, ಹೊರಗೆ ಕೊಂಡರು. ಅಫಜಲಪುರ ಕಡೆಯಿಂದ ಕಲಬುರಗಿಗೆ ಹೋಗಿ ಬರಲು ಒಂದು ಇಡೀ ದಿನ ಬೇಕು, ಅಕ್ಕನ ಅವತ್ತಿನ ಕೂಲಿ ಹೋಯಿತು. ಟಿಕೆಟ್ ಉಚಿತ, ದಿನ ಉಚಿತ ಅಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಹಾಕಿತ್ತು. ಆಮೇಲೆ 371 ಜೆ ಬಂತು, ಹೊಸ ಕಟ್ಟಡಗಳೂ ಬಂದವು. ವಾರಕ್ಕೆ ಒಂದು ದಿನ ತಾಲೂಕಿನಲ್ಲೇ ಮಕ್ಕಳ ಜೊತೆ ಕೂತು ಮಾತಾಡುವ ಒಬ್ಬ ಮನಶ್ಶಾಸ್ತ್ರಜ್ಞೆ ಬಂದರೆ ಅಕ್ಕನಂಥವರ ಎಷ್ಟೋ ದಿನ ಉಳಿಯುತ್ತವೆ. ಅದಕ್ಕೆ ಕಟ್ಟಡವೂ ಬೇಡ, ಎರಡು ಕುರ್ಚಿ, ಒಂದು ಬಾಗಿಲು ಸಾಕು.

ಹುಡುಗಿ ಈಗ ಹತ್ತನೇ ಕ್ಲಾಸು. ಬೀಳದೆ ಐದು ತಿಂಗಳಾಯಿತು. ಕೊರಳಲ್ಲಿ ತಾಯಿತ ಇನ್ನೂ ಇದೆ. ಜೇವರ್ಗಿ ಸಂಬಂಧಕ್ಕೆ "ಹತ್ತನೇತ್ತ ಮುಗೀಲಿ" ಅಂತ ಹೇಳಿ ಕಳಿಸಿದ್ದಾರೆ, ಬೇಡ ಅಂತ ಅಲ್ಲ. ಪರೀಕ್ಷೆ ಆದ ಮೇಲೆ ಏನು ಅನ್ನೋದು ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಬಿಡುವಿದ್ದಾಗ ಗೆಳತಿಗೆ ಫೋನ್ ಮಾಡುತ್ತಾಳಂತೆ.

ಮೊನ್ನೆ ಸೋಮವಾರ ರಾತ್ರಿ ಒಂದು ಮೆಸೇಜ್ ಬಂತು, ಜೊತೆಗೆ ಮೂರು ಸ್ಟಿಕ್ಕರ್. "ಸಣ್ಣವ್ವ, ನಾಳಿ ಡಾಕ್ಟರ್ ಬರಲ್ಲಂತ, ಆಶಾ ಅಕ್ಕ ಫೋನ್ ಮಾಡಿ ಹೇಳಿದ್ಳು. ಮುಂದಿನ ಮಂಗಳವಾರ ಹೋಗ್ತೀವಿ."